ವಡಗಾವಿಯ ಎರಡು ಮಗ್ಗದ ಮನೆ ಯಾವ ವರ್ಗ?

ಬೆಳಗಾವಿಯ ವಡಗಾವಿ, ಖಾಸಬಾಗ ಕಡೆಯ ಓಣಿಗಳಿಗೆ ಹೋದರೆ ಮನೆ ಕಾಣುವ ಮೊದಲೇ ಮಗ್ಗದ ಸದ್ದು ಕೇಳುತ್ತದೆ. ಅಂಥ ಒಂದು ಮನೆ ನನಗೆ ಚೆನ್ನಾಗಿ ಗೊತ್ತು. ಮುಂದಿನ ಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗ, ಹಿಂದೆ ಅಡುಗೆಮನೆ. ಮಗ್ಗ ಸ್ವಂತದ್ದು, ಹಾಗಾಗಿ ಯಜಮಾನರಿಗೆ ಎಲ್ಲರೂ ಮಾಲಕರು ಅಂತಾರೆ. ಆದರೆ ನೂಲು ಕೊಡುವವನು ವ್ಯಾಪಾರಿ. ಸೀರೆ ಒಯ್ಯುವವನು, ಮಜೂರಿ ಎಷ್ಟು ಅಂತ ಹೇಳುವವನು ಕೂಡ ಅವನೇ. ಕರೆಂಟ್ ಹೋದರೆ ನಷ್ಟ ಮಾತ್ರ ಇವರದ್ದು. ಮಗ ಉದ್ಯಮಬಾಗದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ಈಗ ಹೇಳಿ, ಇದು ಯಾವ ವರ್ಗದ ಮನೆ?

ನಗರಗಳ ಅಧ್ಯಯನ ಶುರುವಾಗಿದ್ದೇ ಇಂಥ ಪ್ರಶ್ನೆಯಿಂದ. 1845ರಲ್ಲಿ ಕಾರ್ಲ್ ಮಾರ್ಕ್ಸ್ ಸಂಗಾತಿ ಫ್ರೆಡ್ರಿಕ್ ಎಂಗೆಲ್ಸ್ ಇಂಗ್ಲೆಂಡಿನ ಗಿರಣಿಗಳ ಊರು ಮ್ಯಾಂಚೆಸ್ಟರ್ ಬಗ್ಗೆ ಬರೆದದ್ದನ್ನು ನೋಡಿ. ಅಲ್ಲಿನ ಸಿರಿವಂತರು ದಿನಾ ಊರ ನಡುವೆ ಓಡಾಡುತ್ತಿದ್ದರು. ಆದರೂ ಕೂಲಿಕಾರರ ಕೇರಿ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಹೆದ್ದಾರಿಯ ಎರಡೂ ಬದಿಯ ಅಂಗಡಿ ಸಾಲು ಅದನ್ನು ಮರೆಮಾಡಿತ್ತು. ಒಬ್ಬರ ಬಡತನಕ್ಕೂ ಇನ್ನೊಬ್ಬರ ಸಿರಿಗೂ ಇರುವ ನಂಟನ್ನು ಎಂಗೆಲ್ಸ್ ಹುಡುಕಿದರು.

1889ರಲ್ಲಿ ಬಡತನದ ಸಮೀಕ್ಷೆ ಮಾಡಿದ ಚಾರ್ಲ್ಸ್ ಬೂತ್ ಲಂಡನ್ನಿನ ಬೀದಿ ಬೀದಿಗೂ ಬಣ್ಣ ಹಚ್ಚಿದ ನಕ್ಷೆ ತಂದರು. ಸಿರಿವಂತರ ಬೀದಿ ಹಳದಿ, ತೀರಾ ಕೆಳಗಿನವರದ್ದು ಕಪ್ಪು. ಆ ಕಪ್ಪು ಬೀದಿಯವರನ್ನು ಅರೆ ಅಪರಾಧಿಗಳು ಎಂದೂ ಬರೆದರು, ಅದು ಇವತ್ತಿಗೂ ನೋವು ತರುವ ಮಾತು. ಕೆಲಸ ದೊಡ್ಡದು, ನಿಜ. ಆದರೆ ನಕ್ಷೆಯಲ್ಲಿ ಕಾಣುವುದು ಯಾರ ಬಳಿ ಎಷ್ಟಿದೆ ಅನ್ನುವುದಷ್ಟೇ. ನಮ್ಮ ಬಿಪಿಎಲ್ ಕಾರ್ಡಿನ 1.20 ಲಕ್ಷ ರೂಪಾಯಿಯ ಮಿತಿಯೂ ಇದೇ ದಾರಿಯದ್ದು. ಆದಾಯ ಕೇಳುತ್ತದೆ, ಮಜೂರಿ ಗೊತ್ತು ಮಾಡುವವರು ಯಾರು ಅಂತ ಕೇಳುವುದಿಲ್ಲ.

1925ರ ಹೊತ್ತಿಗೆ ಷಿಕಾಗೋದ ವಿದ್ವಾಂಸರು ನಗರವನ್ನು ಬಳೆಗಳಂತೆ ಒಂದರ ಸುತ್ತ ಒಂದು ಬೆಳೆಯುವ ವಲಯಗಳಾಗಿ ನೋಡಿದರು. ಊರು ಗಿಡದ ಹಾಗೆ ತಾನೇ ಬೆಳೆಯುತ್ತದೆ ಅನ್ನುವ ಭಾವನೆ ಬಂತು, ಮಾಲಕ ಮತ್ತು ಕೂಲಿಯ ಮಾತು ಹಿಂದೆ ಸರಿಯಿತು. ಅದನ್ನು 1970ರ ದಶಕದಲ್ಲಿ ಮತ್ತೆ ಮುಂದೆ ತಂದವರು ಸಮಾಜಶಾಸ್ತ್ರಜ್ಞ ಮ್ಯಾನ್ಯುಯೆಲ್ ಕ್ಯಾಸ್ಟೆಲ್ಸ್ ಮತ್ತು ಭೂಗೋಳಶಾಸ್ತ್ರಜ್ಞ ಡೇವಿಡ್ ಹಾರ್ವೆ.

ನಮ್ಮಲ್ಲಿ ಇದಿಷ್ಟೇ ಸಾಲದು, ಅಲ್ವಾ? ಜಾತಿ ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲೇ ಹೇಳಿದ್ದರು. ವರ್ಗ ಅಂತ ಹೇಳಿ ಜಾತಿಯನ್ನು ಬದಿಗಿಟ್ಟರೆ ಬೆಳಗಾವಿಯ ಯಾವ ಓಣಿಯೂ ಅರ್ಥವಾಗುವುದಿಲ್ಲ. ಹಾಗಂತ ಜಾತಿಯೊಂದೇ ಎಲ್ಲವನ್ನೂ ಹೇಳುವುದಿಲ್ಲ. ಒಂದೇ ನೇಕಾರ ಸಮಾಜದೊಳಗೆ ನೂಲು ಕೊಡುವವರೂ ಇದ್ದಾರೆ, ಮಜೂರಿಗೆ ನೇಯುವವರೂ ಇದ್ದಾರೆ. ಮದುವೆ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರುವ ಇವರು ಶನಿವಾರದ ಲೆಕ್ಕಕ್ಕೆ ಎದುರುಬದುರು ಕೂರುತ್ತಾರೆ. ವರ್ಗ ಎಂಬ ಮಾತು ನನಗೆ ಬೇಕೆನಿಸುವುದು ಅಲ್ಲೇ.

ಇನ್ನೊಂದು ತೊಡಕಿದೆ. ಸಮೀಕ್ಷೆಯವರು ಮನೆಯ ಯಜಮಾನನ ಕೆಲಸ ಬರೆದುಕೊಂಡು ಇಡೀ ಮನೆಗೆ ಒಂದೇ ವರ್ಗ ಕೊಡುತ್ತಿದ್ದರು. 1983ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಜಾನ್ ಗೋಲ್ಡ್‌ಥಾರ್ಪ್ ಈ ಪದ್ಧತಿಯನ್ನು ಸಮರ್ಥಿಸಿದಾಗ ಸ್ತ್ರೀವಾದಿಗಳು ಬಲವಾಗಿ ವಿರೋಧಿಸಿದರು. ನಾನು ಅವರ ಕಡೆ. ಆ ಎರಡು ಮಗ್ಗದ ಮನೆಯ ಅಕ್ಕ ಬೆಳಗ್ಗೆ ರೊಟ್ಟಿ ಬಡಿದು ಮುಗಿಸಿ ಕಂಡಿಕೆ, ಅಂದರೆ ಮಗ್ಗಕ್ಕೆ ಹಾಕುವ ನೂಲಿನ ಸಣ್ಣ ಕೊಳವೆ, ಸುತ್ತಲು ಕೂರುತ್ತಾರೆ. ಅವರು ಸುತ್ತದಿದ್ದರೆ ಮಗ್ಗ ನಿಲ್ಲುತ್ತದೆ. ಮಜೂರಿ ಲೆಕ್ಕದಲ್ಲಿ ಅವರ ಹೆಸರಿಲ್ಲ. ಏನು ಕೆಲಸ ಮಾಡ್ತೀರಿ ಅಂತ ಕೇಳಿದಾಗ ಕೈಯಲ್ಲಿ ನೂಲು ಹಿಡಿದುಕೊಂಡೇ "ಮನ್ಯಾಗ ಇರ್ತೀನ್ರಿ" ಅಂದರು.