ಮುತ್ತುಗದ ಸೊಟ್ಟ ಎಲೆ

ದೇವರಾಯನದುರ್ಗಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ತುಮಕೂರಿನವರಿಗೆ ಅದು ಮನೆ ಹಿತ್ತಲಿನ ಹಾಗೆ. ನಾಮದ ಚಿಲುಮೆಯಲ್ಲಿ ಇಳಿದು ಬಂಡೆಯಿಂದ ಜಿನುಗುವ ನೀರು ನೋಡುವುದು, ಬೆಟ್ಟ ಹತ್ತಿ ನರಸಿಂಹಸ್ವಾಮಿಗೆ ಕೈಮುಗಿಯುವುದು, ಗಾಳಿಗೆ ನಿಂತು ನಾಲ್ಕು ಫೋಟೊ ತೆಗೆಯುವುದು, ವಾಪಸ್ ಬರುವುದು. ಕಳೆದ ಕಾರ್ತೀಕದಲ್ಲಿ ಮಾತ್ರ ಗೆರೆಯಿಲ್ಲದ ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಹಿಡಿದು ಹೋದೆ. ಜೊತೆಗೆ ಅಕ್ಕನ ಮಗಳು. ಆ ದಿನ ನಾವು ನಡೆದದ್ದು ಒಂದು ಕಿಲೋಮೀಟರ್ ಕೂಡ ಇರಲಿಕ್ಕಿಲ್ಲ. ಅದಕ್ಕೆ ಮೂರು ಗಂಟೆ ಹಿಡಿಯಿತು.

ಮೊದಲು ಕೂತದ್ದು ದಾರಿ ಪಕ್ಕದ ಮುತ್ತುಗದ ಮರದ ಹತ್ತಿರ. ಎಲ್ಲಿ ಹೋದರೂ ಮುತ್ತುಗಕ್ಕೆ ಮೂರೇ ಎಲೆ ಅನ್ನುವ ಮಾತಿದೆ. ಆ ಎಲೆಯ ಮೇಲೆ ಮದುವೆ ಊಟ, ತಿಥಿ ಊಟ ಎಲ್ಲಾ ಉಂಡು ಬೆಳೆದವನು ನಾನು. ನೋಡದೆಯೇ ಬರೆಯಬಲ್ಲೆ ಅನ್ನಿಸಿತು. ಒಂದೇ ಅಳತೆಯ ಮೂರು ದುಂಡನೆ ಎಲೆ ಬರೆದೆ. ಹುಡುಗಿ ಇಣುಕಿ ನೋಡಿ, "ಮಾಮ, ಪಕ್ಕದ ಎರಡೂ ಹಾಗಿಲ್ಲ, ಸೊಟ್ಟಗಿವೆ" ಅಂದಳು.

ಹೌದು, ಸೊಟ್ಟಗಿದ್ದವು. ಉದುರಿದ ಒಂದು ಎಲೆ ಎತ್ತಿಕೊಂಡು ನೋಡಿದೆವು. ನಡುವಿನದನ್ನು ನಡುನರದ ಮೇಲೆ ಮಡಚಿದರೆ ಎರಡೂ ಅರ್ಧ ಹೆಚ್ಚುಕಡಿಮೆ ಕೂಡುತ್ತವೆ. ಪಕ್ಕದವು ಕೂಡುವುದೇ ಇಲ್ಲ. ಅವುಗಳ ಹೊರಗಿನ ಅರ್ಧ ಅಗಲ, ನಡುವಿನ ಎಲೆಯ ಕಡೆಗಿರುವ ಅರ್ಧ ಕಿರಿದು. ತೊಟ್ಟಿನ ಹತ್ತಿರವಂತೂ ಇದು ಎದ್ದು ಕಾಣುತ್ತದೆ. ಒಳಗಿನ ಅರ್ಧವೂ ಅಷ್ಟೇ ಅಗಲವಿದ್ದರೆ ಅದು ನಡುವಿನ ಎಲೆಯ ಮೇಲೆ ಹತ್ತಿ ಕೂರುತ್ತಿತ್ತು, ಬಿಸಿಲು ತಡೆಯುತ್ತಿತ್ತು. ಅಂದಹಾಗೆ, ಸಸ್ಯವಿಜ್ಞಾನದಲ್ಲಿ ಈ ಮೂರೂ ಸೇರಿ ಒಂದೇ ಎಲೆ. ಒಂದೊಂದೂ ಅದರ ಒಂದು ಭಾಗ, ಕಿರುಎಲೆ.

ಇಷ್ಟು ವರ್ಷ ಇದು ಕಾಣಲಿಲ್ಲ ಯಾಕೆ? ಕಣ್ಣು ಕೆಲಸ ಮಾಡುವ ರೀತಿಯೇ ಹಾಗೆ. ಕಣ್ಣಿನ ಒಳಗೆ ಹಿಂಬದಿಯಲ್ಲಿರುವ ಪರದೆ ರೆಟಿನಾ. ಅದರ ನಡುವೆ ಫೋವಿಯಾ ಎಂಬ ಪುಟ್ಟ ಜಾಗವಿದೆ. ನಮಗೆ ಚುರುಕಾಗಿ ಕಾಣುವುದು ಆ ಜಾಗದಿಂದ ಮಾತ್ರ. ಕೈ ನೀಡಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನಷ್ಟು ಅಗಲವನ್ನಷ್ಟೇ ನಾವು ಒಂದು ಸಲಕ್ಕೆ ಸ್ಪಷ್ಟವಾಗಿ ನೋಡುತ್ತೇವೆ. ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಾಗದಿಂದ ಜಾಗಕ್ಕೆ ಜಿಗಿಯುತ್ತಿರುತ್ತದೆ. ಜಿಗಿತಗಳ ನಡುವೆ ಉಳಿದ ಖಾಲಿಯನ್ನು ಮಿದುಳು ತನಗೆ ಗೊತ್ತಿರುವುದರಿಂದ ತುಂಬುತ್ತದೆ. "ಇದು ಮುತ್ತುಗ" ಅಂತ ಗೊತ್ತಾದ ಮೇಲೆ ಕಣ್ಣಿಗೆ ಅಲ್ಲಿ ಕೆಲಸವಿಲ್ಲ, ಮುಂದೆ ಹೋಗಿಬಿಡುತ್ತದೆ. ಬರೆಯಲು ಕೂತರೆ ಹಾಗಾಗುವುದಿಲ್ಲ. ಈ ಅಂಚು ಎಲ್ಲಿ ಬಾಗುತ್ತದೆ, ಈ ನರ ಎಲ್ಲಿ ಒಡೆಯುತ್ತದೆ ಎಂದು ಕೈ ಕೇಳುತ್ತಲೇ ಇರುತ್ತದೆ. ಉತ್ತರಕ್ಕಾಗಿ ಕಣ್ಣು ಮತ್ತೆ ಮತ್ತೆ ಅಲ್ಲಿಗೇ ಬರಬೇಕು.

ಹೀಗೆ ಬರೆದದ್ದು ನೆನಪಿನಲ್ಲೂ ಉಳಿಯುತ್ತದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದರ ಬಗ್ಗೆ ಪ್ರಯೋಗಗಳನ್ನು ಪ್ರಕಟಿಸಿದರು. ಕೆಲವು ಪದ ಕೊಟ್ಟು, ಒಂದೊಂದಕ್ಕೂ 40 ಸೆಕೆಂಡು ಬಿಟ್ಟು, ಕೆಲವನ್ನು ಅಕ್ಷರದಲ್ಲಿ ಮತ್ತೆ ಮತ್ತೆ ಬರೆಯಿರಿ, ಕೆಲವಕ್ಕೆ ಚಿತ್ರ ಬಿಡಿಸಿ ಎಂದರು. ಆಮೇಲೆ ಕೇಳಿದಾಗ ಚಿತ್ರ ಬಿಡಿಸಿದ ಪದಗಳೇ ಜಾಸ್ತಿ ನೆನಪಿದ್ದವು, ಎರಡು ಪಟ್ಟಿನಷ್ಟು. ಚಿತ್ರ ಬಿಡಿಸುವಾಗ ಅರ್ಥ, ರೂಪ, ಕೈಯ ಚಲನೆ ಮೂರೂ ಒಟ್ಟಿಗೆ ಮಿದುಳಿನಲ್ಲಿ ದಾಖಲಾಗುವುದು ಇದಕ್ಕೆ ಕಾರಣ ಎಂಬುದು ಅವರ ವಿವರಣೆ. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. "ನನಗೆ ಡ್ರಾಯಿಂಗ್ ಬರಲ್ಲ" ಅನ್ನುವವರು ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ.

ಹಾಗಾದರೆ ಫೋಟೊ? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ ವಿದ್ಯಾರ್ಥಿಗಳನ್ನು ಒಂದು ಮ್ಯೂಸಿಯಂಗೆ ಕರೆದೊಯ್ದು ಪರೀಕ್ಷಿಸಿದರು. ಫೋಟೊ ತೆಗೆದ ವಸ್ತುಗಳಿಗಿಂತ ಸುಮ್ನೆ ನಿಂತು ನೋಡಿದ ವಸ್ತುಗಳೇ ಅವರಿಗೆ ಚೆನ್ನಾಗಿ ನೆನಪಿದ್ದವು. ಆದರೆ ವಸ್ತುವಿನ ಒಂದು ಭಾಗವನ್ನು ಜೂಮ್ ಮಾಡಿ ತೆಗೆದಾಗ ಈ ನಷ್ಟ ಆಗಲಿಲ್ಲ. ಅಂದರೆ ತಪ್ಪು ಕ್ಯಾಮೆರಾದ್ದಲ್ಲ, ಗಮನ ಕೊಡದೇ ಇರುವುದರದ್ದು.

ಬೆಟ್ಟ ಇಳಿದು ಬರುವಾಗ ಒಂದು ರಾಗಿ ಹೊಲದ ಹತ್ತಿರ ನಿಂತೆವು. ರಾಗಿಯ ನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ ಹೂ ಬಿಟ್ಟಿತ್ತು. ಹುಡುಗಿ ಓಡಿಹೋಗಿ, "ಮಾಮ, ಇಲ್ಲೂ ಮೂರು! ಇಲ್ಲೂ ಸೊಟ್ಟ!" ಎಂದು ಕೂಗಿದಳು. ನನಗೆ ಮೈ ಜುಮ್ಮೆಂದಿತು. ಮುತ್ತುಗವೂ ಅವರೆಯೂ ಒಂದೇ ಕುಟುಂಬಕ್ಕೆ ಸೇರಿದವು ಎಂದು ಓದಿದ್ದೆ. ಒಂದು ಕಾಡಿನ ಮರ, ಇನ್ನೊಂದು ಹೊಲದ ಬಳ್ಳಿ. ನೆಂಟಸ್ತಿಕೆ ನನಗೆ ಪುಸ್ತಕದ ಮಾತಾಗಿಯೇ ಉಳಿದಿತ್ತು. ಎಲೆ ಬರೆದು ಇನ್ನೂ ಎರಡು ಗಂಟೆ ಆಗಿರದ ಹತ್ತು ವರ್ಷದ ಮಗು ಅದನ್ನು ತಾನೇ ಕಂಡುಹಿಡಿಯಿತು. ಅಲ್ಲೇ ಬದುವಿನ ಮೇಲೆ ಕೂತು ಅವರೆ ಹೂವನ್ನೂ ಬರೆದೆವು. ಮೇಲೆ ಎದ್ದು ನಿಂತ ಒಂದು ದೊಡ್ಡ ಎಸಳು, ಪಕ್ಕಕ್ಕೆ ಎರಡು, ಕೆಳಗೆ ದೋಣಿಯ ಹಾಗೆ ಕೂಡಿಕೊಂಡ ಎರಡು.

ಸಸ್ಯವಿಜ್ಞಾನ ಬೆಳೆದದ್ದೂ ಇಂಥ ಗೆರೆಗಳಿಂದಲೇ. ಒತ್ತಿ ಒಣಗಿಸಿದ ಗಿಡದಲ್ಲಿ ಬಣ್ಣ ಉಳಿಯುವುದಿಲ್ಲ, ನಿಲುವೂ ಉಳಿಯುವುದಿಲ್ಲ. ಅದಕ್ಕೇ 19ನೇ ಶತಮಾನದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರಿಗೆ ರಂಗಯ್ಯ, ಗೋವಿಂದು ಎಂಬ ಇಬ್ಬರು ಕಲಾವಿದರು ಗಿಡಗಳ ಚಿತ್ರ ಬರೆದುಕೊಟ್ಟರು. ಒಂದು ಆರ್ಕಿಡ್‌ಗೆ ವೈಟ್ ಗೋವಿಂದು ಅವರ ಹೆಸರನ್ನೇ ಇಟ್ಟಿದ್ದರು. ಗೋವಿಂದು ಅವರಂಥವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ನೀವೂ ಹೋಗುವುದಾದರೆ ಜಾಸ್ತಿ ಸಾಮಾನು ಬೇಡ. ಪೆನ್ಸಿಲ್ಲು, ಪುಸ್ತಕ, ನೀರು ಸಾಕು. ಮೊದಲ ಐದು ನಿಮಿಷ ಹಾಳೆಯ ಕಡೆ ನೋಡದೆ ಎಲೆಯನ್ನಷ್ಟೇ ನೋಡುತ್ತಾ ಗೆರೆ ಎಳೆಯಿರಿ. ಚಿತ್ರ ವಕ್ರವಾಗುತ್ತದೆ, ಆದರೆ ಕಣ್ಣು ಪಳಗುತ್ತದೆ. ಪಕ್ಕದಲ್ಲಿ ತಾರೀಕು, ಜಾಗ, ಮನಸ್ಸಿಗೆ ಬಂದ ಪ್ರಶ್ನೆ ಬರೆದಿಡಿ. ಬಿದ್ದ ಎಲೆ ಸಾಕು, ಕೀಳಬೇಡಿ. ದೇವರಾಯನದುರ್ಗದಲ್ಲಿ ಕರಡಿ, ಚಿರತೆ ಇವೆ. ಒಬ್ಬರೇ ಹೋಗಬೇಡಿ. ಜನ ಓಡಾಡುವ ದಾರಿ ಬಿಡಬೇಡಿ, ಹೊತ್ತು ಇಳಿಯುವ ಮೊದಲೇ ಹೊರಟುಬಿಡಿ.

ಮನೆಗೆ ಬಂದು ಅಮ್ಮನಿಗೆ ಚಿತ್ರ ತೋರಿಸಿದೆ. ಅಮ್ಮ ಚಿಕ್ಕವಳಿದ್ದಾಗ ಊರಲ್ಲಿ ರಾಶಿ ರಾಶಿ ಮುತ್ತುಗದ ಎಲೆ ಹಚ್ಚಿದವಳು. ಕನ್ನಡಕ ಹಾಕಿಕೊಂಡು ನೋಡಿ, "ಪಕ್ಕದ್ದು ಸೊಟ್ಟ ಇರುತ್ತಲ್ಲಪ್ಪ, ಅದಕ್ಕೇ ಅದನ್ನ ಅಂಚಿಗೆ ಹಚ್ತಿದ್ವಿ. ನೆಟ್ಟಗಿರೋದು ಮಧ್ಯಕ್ಕೆ" ಅಂದಳು. ಅರವತ್ತು ವರ್ಷದ ಹಿಂದಿನ ಮಾತು. ಹೇಳುವಾಗ ಅವಳ ಬೆರಳು ಗಾಳಿಯಲ್ಲೇ ಎಲೆ ತಿರುಗಿಸುತ್ತಿತ್ತು.

ಶಿವರಾತ್ರಿಯ ಆಸುಪಾಸಿಗೆ ಮುತ್ತುಗ ಎಲೆ ಉದುರಿಸಿ ಹೂ ಬಿಡುತ್ತದೆ. ಅವರೆ ಹೂವಿನ ಚಿತ್ರ ನೋಟ್‌ಬುಕ್ಕಿನ ಎಡಪುಟದಲ್ಲಿದೆ. ಬಲಪುಟ ಖಾಲಿ ಬಿಟ್ಟಿದ್ದೇವೆ. ಈ ಸಲ ಅಮ್ಮನೂ ಬರುತ್ತಾಳೆ.