ಎದೆ ಮೊದಲು ಬಡಿಯುತ್ತೋ, ಅಂಜಿಕೆ ಮೊದಲು ಬರುತ್ತೋ?

ವಿಜಯಪುರದ ಗೋಳಗುಮ್ಮಟದ ಮೂಲೆ ಗೋಪುರದಲ್ಲಿ ಮೆಟ್ಟಿಲು ಇಕ್ಕಟ್ಟು. ಏಳು ಅಂತಸ್ತು ಹತ್ತಿದರೆ ಪಿಸುಮಾತಿನ ಗ್ಯಾಲರಿ. ಹೋದ ತಿಂಗಳು ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಳಗೆ ಕಾಲಿಟ್ಟು ಒಮ್ಮೆ ಕೆಳಗೆ ನೋಡಿದವಳೇ ನನ್ನ ಅಂಗಿ ಹಿಡಿದುಕೊಂಡಳು. ‘ಮಾಮಾ, ಎದಿ ಹೆಂಗ ಹೊಡ್ಕೊಳ್ಳಾಕತ್ತೈತಿ ನೋಡು, ನಂಗ ಅಂಜಿಕಿ ಬರಾಕತ್ತೈತಿ’ ಅಂದಳು.

ಆದರೆ ಅವಳ ಎದೆ ಮೆಟ್ಟಿಲಲ್ಲೇ ಹೊಡೆದುಕೊಳ್ಳುತ್ತಿತ್ತು. ಅದು ಹತ್ತಿದ ದಣಿವು. ಕೆಳಗೆ ನೋಡಿದ ಮೇಲೆ ಅದಕ್ಕೆ ಅಂಜಿಕೆ ಅಂತ ಹೆಸರು ಬಿತ್ತು.

ಇದರ ಬಗ್ಗೆ ವಿಜ್ಞಾನಿಗಳು ನೂರು ವರ್ಷಕ್ಕೂ ಜಾಸ್ತಿ ವಾದ ಮಾಡಿದ್ದಾರೆ. ಕರಡಿ ಕಂಡರೆ ಅಂಜುತ್ತೇವೆ, ಅಂಜಿ ಓಡುತ್ತೇವೆ, ಹಾಗೇ ಅಲ್ವಾ ನಾವು ಅಂದುಕೊಂಡಿರೋದು? 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸ್ ಇದನ್ನು ತಿರುವಿ ಹಾಕಿದರು. ಮೊದಲು ಮೈ ನಡುಗುತ್ತದೆ, ಕಾಲು ಓಡುತ್ತದೆ, ಅದು ನಮಗೆ ತಿಳಿದಾಗ ಆಗುವುದೇ ಅಂಜಿಕೆ ಅಂದರು. ಮರುವರ್ಷ ಡೆನ್ಮಾರ್ಕಿನ ಕಾರ್ಲ್ ಲಾಂಗೆ ಹೆಚ್ಚುಕಡಿಮೆ ಇದನ್ನೇ ಹೇಳಿದರು. ನಮ್ಮ ಮಾತಿನಲ್ಲೂ ಭಾವನೆ ಮೈಯಲ್ಲೇ ಇದೆ: ಹೊಟ್ಟೆಕಿಚ್ಚು, ಎದೆ ಝಲ್ ಅನ್ನೋದು, ಕರುಳು ಚುರುಕ್ ಅನ್ನೋದು.

ಹಾರ್ವರ್ಡಿನ ವಾಲ್ಟರ್ ಕ್ಯಾನನ್ ಒಪ್ಪಲಿಲ್ಲ. ಅವರು ಎಕ್ಸ್‌ರೇಯಲ್ಲಿ ಬೆಕ್ಕಿನ ಹೊಟ್ಟೆ ನೋಡುತ್ತಿದ್ದವರು. ಬೆಕ್ಕು ರೇಗಿದರೆ ಹೊಟ್ಟೆ ತನ್ನ ಕೆಲಸ ನಿಲ್ಲಿಸಿಬಿಡುತ್ತಿತ್ತು. ಕಿಡ್ನಿ ಮೇಲೆ ಟೋಪಿ ಹಾಗೆ ಕೂತ ಗ್ರಂಥಿಯಿಂದ ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ, ಎದೆಬಡಿತ ಏರುತ್ತದೆ, ಲಿವರ್ ಸಕ್ಕರೆ ಬಿಡುತ್ತದೆ, ರಕ್ತ ಹೊಟ್ಟೆ ಬಿಟ್ಟು ಕೈಕಾಲಿನ ಕಡೆ ಹರಿಯುತ್ತದೆ. ಹೊಡೆದಾಡು, ಇಲ್ಲ ಓಡು. ಪರೀಕ್ಷೆಯ ದಿನ ಮುಂಜಾನೆ ರೊಟ್ಟಿ ಗಂಟಲಲ್ಲಿ ಇಳಿಯದಿರೋದು ಇದಕ್ಕೇ. ಮಕ್ಕಳು ಸುಮ್ನೆ ನೆಪ ಹೇಳ್ತಾರೆ ಅಂತ ಬೈಯಬೇಡಿ.

1927ರಲ್ಲಿ ಕ್ಯಾನನ್ ಎತ್ತಿದ ತಕರಾರು ನನಗೆ ಬಹಳ ಗಟ್ಟಿ ಅನಿಸುತ್ತದೆ. ಸಿಟ್ಟಿಗೂ ಅಂಜಿಕೆಗೂ ಮೈ ಸುಮಾರು ಒಂದೇ ಥರ ಏಳುತ್ತದೆ. ಹಾಗಿದ್ದರೆ ಇದು ಸಿಟ್ಟು, ಇದು ಅಂಜಿಕೆ ಅಂತ ಮೈ ಹೇಗೆ ಹೇಳೀತು? ಅದಕ್ಕೂ ಮೊದಲು, 1924ರಲ್ಲಿ, ಸ್ಪೇನಿನ ವೈದ್ಯ ಮರಾನ್ಯೋನ್ ಜನರಿಗೆ ಅಡ್ರಿನಲಿನ್ ಚುಚ್ಚಿ ನೋಡಿದ್ದರು. ಎದೆ ಹೊಡೆದುಕೊಂಡಿತು, ಕೈ ನಡುಗಿತು. ಆದರೂ ಹೆಚ್ಚಿನವರಿಗೆ ನಿಜವಾದ ಅಂಜಿಕೆ ಬರಲಿಲ್ಲ, ಕೆಲವರಿಗೆ ಅಂಜಿದ ಹಾಗೆ ಅನಿಸಿತು, ಅಷ್ಟೇ.

1962ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಶಾಕ್ಟರ್ ಮತ್ತು ಸಿಂಗರ್ ವಿಟಮಿನ್ ಅಂತ ಹೇಳಿ ಜನರಿಗೆ ಅಡ್ರಿನಲಿನ್ನನ್ನೇ ಚುಚ್ಚಿದರು. ಮೈಗೆ ಏನಾಗುತ್ತದೆ ಅಂತ ಕೆಲವರಿಗಷ್ಟೇ ಹೇಳಿದ್ದರು. ಆಮೇಲೆ ಖುಷಿಯಿಂದ ಕುಣಿಯುವ ನಟನೆ ಮಾಡುವವನ ಜೊತೆ ಕೆಲವರನ್ನು, ಸಿಡುಕುವ ನಟನೆ ಮಾಡುವವನ ಜೊತೆ ಇನ್ನು ಕೆಲವರನ್ನು ಕೂರಿಸಿದರು. ಕಾರಣ ಗೊತ್ತಿಲ್ಲದವರಿಗೆ ಪಕ್ಕದವನ ಭಾವ ಜಾಸ್ತಿ ಅಂಟಿತು ಅನ್ನುವುದು ಅವರ ವಾದ. ಮೈ ಎಬ್ಬಿಸುತ್ತದೆ, ಮನಸ್ಸು ಸುತ್ತ ನೋಡಿ ಹೆಸರಿಡುತ್ತದೆ. 1979ರಲ್ಲಿ ಬೇರೆಯವರು ಹೀಗೇ ಮಾಡಿ ನೋಡಿದಾಗ ಫಲ ಅಷ್ಟು ಚೊಕ್ಕವಾಗಿ ಬರಲಿಲ್ಲ. ಆದರೂ ಹೆಸರಿನ ಮಾತು ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ ಒಂದು ಪ್ರಯೋಗ ಪ್ರಕಟಿಸಿದರು. ಹಾಡು, ಭಾಷಣ, ಲೆಕ್ಕಕ್ಕೆ ಮುಂಚೆ ನನಗೆ ಹುರುಪು ಬಂದಿದೆ ಅಂತ ಹೇಳಿಕೊಂಡವರು, ನಾನು ಶಾಂತವಾಗಿದ್ದೇನೆ ಅಂದವರಿಗಿಂತ ಚೆನ್ನಾಗಿ ಮಾಡಿದರು. ಬಡಿತ ತಗ್ಗಿರಲಿಲ್ಲ, ಹೆಸರು ಬದಲಾಗಿತ್ತು.

‘ಅದು ಹತ್ತಿದ ದಣಿವು, ಸ್ವಲ್ಪ ಕೂಡು’ ಅಂದೆ ಹುಡುಗಿಗೆ. ಗೋಡೆಗೆ ಬೆನ್ನು ಕೊಟ್ಟು ಕೂತೆವು. ಉಸಿರು ಹದಕ್ಕೆ ಬಂದ ಮೇಲೆ ಅವಳು ಗೋಡೆಗೆ ಬಾಯಿ ಹತ್ತಿರ ಇಟ್ಟು ತನ್ನ ಹೆಸರು ಪಿಸುಗುಟ್ಟಿದಳು, ಎದುರು ಗೋಡೆಯಿಂದ ಬರುತ್ತಾ ಅಂತ ಕಿವಿಗೊಟ್ಟಳು. ನನ್ನ ಅಂಗಿ ಇನ್ನೂ ಅವಳ ಕೈಯಲ್ಲೇ ಇತ್ತು.