ವೀಸಾ ಇದೆ ಸರಿ, ದೋಣಿಗೇನಿದೆ?

ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಿಂದ ಹೊರಡುವ ಕಾಫಿ ಕಂಟೇನರ್‌ಗಳಿಗೆ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಕಸ್ಟಮ್ಸ್ ಕಾಗದಪತ್ರ ಮಾಡಿಸುವುದು ನನ್ನ ಕಸುಬು. ಹಾಯಿದೋಣಿಗೂ ನನಗೂ ನಂಟಿಲ್ಲ. ಆದರೂ ಮಳೆಗಾಲ ಕಳೆದ ಮೇಲೆ ಮೂಡಿಗೆರೆ ಕಡೆಯಿಂದಲೋ ಸಕಲೇಶಪುರದಿಂದಲೋ ಇಂಥದ್ದೊಂದು ಫೋನ್ ಬರುತ್ತದೆ: "ಸಾರ್, ನಮ್ ಹೋಂಸ್ಟೇಗೆ ಬರ್ತಿದ್ರಲ್ಲ ಫ್ರಾನ್ಸಿನವ್ರು, ಈ ಸಲ ಸ್ವಂತ ಯಾಟ್‌ನಲ್ಲೇ ಬರ್ತಾರಂತೆ. ಸೇಂಟ್ ಮೇರೀಸ್ ದ್ವೀಪದ ಹತ್ರ ಲಂಗರು ಹಾಕಿ ನಾಲ್ಕು ದಿನ ತೋಟಕ್ಕೆ ಬಂದು ಹೋಗ್ತಾರೆ. ವೀಸಾ ಎಲ್ಲಾ ಆಗಿದೆ."

ಈ 'ವೀಸಾ ಎಲ್ಲಾ ಆಗಿದೆ' ಕೇಳಿದರೆ ತಲೆ ಸಿಡಿಯುತ್ತದೆ. ಆಗಿರುವುದು ಮನುಷ್ಯರಿಗೆ ಸ್ವಾಮಿ, ದೋಣಿಗಲ್ಲ. ಇ-ವೀಸಾದಲ್ಲಿ ಬಂದಿಳಿಯಬಹುದಾದ ಬಂದರುಗಳ ಪಟ್ಟಿಯಲ್ಲಿ ನವಮಂಗಳೂರು ಇದೆ ಎಂದ ಮಾತ್ರಕ್ಕೆ ಅವರು ಕೂತು ಬಂದದ್ದಕ್ಕೂ ಪ್ರವೇಶ ಸಿಕ್ಕಿತು ಎಂದಲ್ಲ. ಕಸ್ಟಮ್ಸ್ ಲೆಕ್ಕದಲ್ಲಿ ಅದು ಹೊರದೇಶದಿಂದ ಬಂದ ಹಡಗು. ಇಬ್ಬರೇ ಮಲಗುವ ಹಾಯಿದೋಣಿಯಾದರೂ ಅಷ್ಟೇ, ಕಂಟೇನರ್ ಹೊತ್ತದ್ದಾದರೂ ಅಷ್ಟೇ. 1962ರ ಕಸ್ಟಮ್ಸ್ ಕಾಯ್ದೆಯಂತೆ ಅದು ಮೊದಲು ಮುಟ್ಟಬೇಕಾದದ್ದು ಕಸ್ಟಮ್ಸ್ ಬಂದರನ್ನು. ಚಂದ ಕಂಡ ದ್ವೀಪವನ್ನಲ್ಲ. ಬಿರುಗಾಳಿಗೋ ಅಪಘಾತಕ್ಕೋ ಸಿಕ್ಕಿ ಬೇರೆಡೆ ನಿಲ್ಲಬೇಕಾಗಿ ಬಂದರೆ ವಿನಾಯಿತಿ ಉಂಟು. ಆಗಲೂ ಹತ್ತಿರದ ಕಸ್ಟಮ್ಸ್ ಅಧಿಕಾರಿಗೋ ಪೊಲೀಸ್ ಠಾಣೆಗೋ ತಕ್ಷಣ ತಿಳಿಸಬೇಕು. ಹೊರಡುವಾಗಲೂ ಲಿಖಿತ ಅನುಮತಿ ಇಲ್ಲದೆ ಲಂಗರು ಎತ್ತುವ ಹಾಗಿಲ್ಲ. ಇಲ್ಲಿಂದ ಗೋವಾಕ್ಕೆ ಹೋದರೆ ಅಲ್ಲೂ ಮತ್ತೆ ಕಾಗದ ತೋರಿಸಬೇಕು.

ಇಷ್ಟು ಹೇಳಿದ ಮೇಲೂ "ಹಾಗಾದ್ರೆ ವೀಸಾದಲ್ಲಿ ದೋಣಿ ಹೆಸ್ರು ಸೇರಿಸ್ಬೇಕಾ?" ಅನ್ನುತ್ತಾರೆ. ಇಲ್ಲ! ಅದರಲ್ಲಿ ಏನನ್ನೂ ಸೇರಿಸುವುದು ಬೇಡ. ಮನುಷ್ಯರ ದಾರಿ ಇಮಿಗ್ರೇಷನ್‌ಗೆ, ದೋಣಿಯ ದಾರಿ ಕಸ್ಟಮ್ಸ್ ಮತ್ತು ಬಂದರಿಗೆ. ಯಜಮಾನ ಬೆಂಗಳೂರಿನಲ್ಲಿ ವಿಮಾನ ಹತ್ತಿ ಊರಿಗೆ ಹೋದರೂ ದೋಣಿಯ ಲೆಕ್ಕ ಚುಕ್ತಾ ಆಗುವುದಿಲ್ಲ.

ಗೊರೂರು ಕಡೆಯ ಗೌಡರೊಬ್ಬರು ಇದಕ್ಕೂ ಒಂದು ಉಪಾಯ ಹುಡುಕಿದ್ದರು. ಅತಿಥಿಗೆ ವಾಪಸ್ ಒಯ್ಯುವುದು ಕಷ್ಟವಾದರೆ ತಾವೇ ಕೊಂಡು, ಲಾರಿಗೆ ಹೇರಿ ಶಿರಾಡಿ ಹತ್ತಿಸಿ, ಹೇಮಾವತಿ ಹಿನ್ನೀರಿಗೆ ಬಿಡುವುದಂತೆ. ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಸುತ್ತ ಹಾಯಿ ಬಿಚ್ಚಿಕೊಂಡು ಹೋಗುವ ಗೌಡರು ಕಣ್ಣಿಗೆ ಕಟ್ಟಿ ನನಗೂ ಆಸೆಯಾಯಿತು, ಸುಳ್ಳೇಕೆ. ಆದರೆ ನೋಡಲು ಬಂದ ದೋಣಿ ಇಲ್ಲಿ ಮಾರಾಟವಾದರೆ ಅದು ಆಮದು. ಸುಂಕ ಕಟ್ಟಬೇಕು, ಆಮದಿನ ಕಾಗದ ಹುಟ್ಟಬೇಕು. ಜಲಾಶಯದ ಅನುಮತಿ ಇನ್ನೊಂದು ಕಥೆ.

ಸ್ಯಾಟಲೈಟ್ ಫೋನ್ ವಿಷಯದಲ್ಲಿ ಮಾತ್ರ ನಗಲಾರೆ. ನಡುಗಡಲಿನಲ್ಲಿ ಅದೇ ಅವರ ಜೀವ. ಇಲ್ಲಿ ಅನುಮತಿಯಿಲ್ಲದೆ ಥುರಾಯಾ, ಇರಿಡಿಯಂನಂಥ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ನಿಲ್ದಾಣಗಳಲ್ಲೇ ಇದಕ್ಕಾಗಿ ವಿದೇಶಿಯರು ಸಿಕ್ಕಿಬಿದ್ದಿದ್ದಾರೆ. ಬಂದರಿಗೆ ಬಂದೊಡನೆ ಘೋಷಿಸಿ, ಅಧಿಕಾರಿಗಳು ಹೇಳಿದಂತೆ ಮಾಡಲಿ. ಕೊಟ್ಟಿಗೆಹಾರದ ಆಚೆ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಬ್ಯಾಗಿನಲ್ಲಿ ತೋಟಕ್ಕೆ ತರುವುದು ಬೇಡವೇ ಬೇಡ. 2008ರ ನವೆಂಬರ್ 26ರಂದು ಮುಂಬೈಗೆ ಬಂದ ದಾಳಿಕೋರರು ಮೀನುಗಾರಿಕೆ ದೋಣಿಯೊಂದನ್ನು ಅಪಹರಿಸಿ ಸಮುದ್ರದಿಂದಲೇ ಬಂದವರು. ಅಂದಿನಿಂದ ಅಪರಿಚಿತ ದೋಣಿ ಕಂಡರೆ ಕರಾವಳಿ ಕಾವಲಿನವರು ಪ್ರಶ್ನೆ ಕೇಳುವುದನ್ನು ಕಿರುಕುಳ ಎನ್ನಲು ನನಗೆ ಮನಸ್ಸಿಲ್ಲ. ದೋಣಿಯಲ್ಲಿರುವ ಜನ, ಸಾಮಾನಿನ ಅದೇ ಪಟ್ಟಿಯನ್ನು ಕಚೇರಿ ಕಚೇರಿಗೆ ಹೊಸದಾಗಿ ಬರೆಸುವುದನ್ನು ಮಾತ್ರ ಧಾರಾಳವಾಗಿ ಕಿರುಕುಳ ಎನ್ನುತ್ತೇನೆ.

24 ಗಂಟೆಯೊಳಗೆ ವಿದೇಶಿ ಅತಿಥಿಯ ವಿವರ ಆನ್‌ಲೈನ್‌ಗೆ ಹಾಕುವುದು ಹೋಂಸ್ಟೇಯವರಿಗೆ ಗೊತ್ತೇ ಇದೆ, ಬಿಡಿ.

ನನ್ನನ್ನು ಕೇಳುವವರಿಗೆ ಈಗ ಕೊಚ್ಚಿಯನ್ನು ತೋರಿಸುತ್ತೇನೆ. ಅಲ್ಲಿ ಬೋಲ್ಗಾಟಿಯಲ್ಲಿ ಯಾಟ್‌ಗಳಿಗೆಂದೇ ಮರೀನಾ ಇದೆ. ಹೊರಡುವ ಮೊದಲೇ ಅಲ್ಲಿನ ಏಜೆಂಟರಿಗೆ ಪತ್ರ ಬರೆದು, ದೋಣಿ ಎಷ್ಟು ದಿನ ನಿಲ್ಲಬಹುದು ಎಂಬುದನ್ನು ಬರಹದಲ್ಲಿ ಪಡೆಯಲಿ. ನಿಯಮ ಬದಲಾಗುತ್ತಿರುತ್ತವೆ, ನನ್ನ ಬಾಯಿಮಾತು ನಂಬಬೇಡಿ. ಆಮೇಲೆ ಮಂಗಳೂರಿಗೆ ರೈಲು, ಅಲ್ಲಿಂದ ಹಗಲು ಹೊತ್ತಿನ ಘಾಟಿ ರೈಲು. ಸುಬ್ರಹ್ಮಣ್ಯ ರೋಡ್ ದಾಟಿ ಸಕಲೇಶಪುರ ತಲುಪುವಷ್ಟರಲ್ಲಿ 57 ಸುರಂಗ. ಬಲಗಡೆಯೋ ಎಡಗಡೆಯೋ ಎಂದು ಕಿಟಕಿಗೆ ಜಗಳ ಆಡಲು ಮಾತ್ರ ಯಾರ ಅನುಮತಿಯೂ ಬೇಕಿಲ್ಲ.